ಖಾಲಿ ಸೀಟಿನ ಮೇಲಿನ ಗಾಜು

ಬಿಸಿನೀರಿನಲ್ಲಿ ಮೆತ್ತಗಾದ ರಬ್ಬರ್ ಪಟ್ಟಿಯ ವಾಸನೆ ಬಂದರೆ ಇಂದಿಗೂ ನನಗೆ ಅಪ್ಪನ ಅಂಗಡಿ ಕಣ್ಣಮುಂದೆ ಬರುತ್ತದೆ. ವಾಹನಗಳಿಗೆ ಗಾಜು ಕೂರಿಸುವ ಆ ಅಂಗಡಿಯನ್ನು ಅಪ್ಪನ ನಂತರ ನಡೆಸಿದವಳು ನನ್ನ ಅಕ್ಕ. ಒಡೆದ ಗಾಜನ್ನು ನೋಡಿಯೇ ನಡೆದದ್ದೇನೆಂದು ಹೇಳಬಲ್ಲವಳು. ಹಾಗಾಗಿ ಓಣಿಯ ಜಗಳದಿಂದ ಹಿಡಿದು ಠಾಣೆಯ ಕೇಸಿನವರೆಗೆ ಎಲ್ಲವೂ ನಮ್ಮ ಮೆಟ್ಟಿಲೇರುತ್ತಿದ್ದವು.

ಒಂದು ದಿನ ಬೆಳಿಗ್ಗೆ ಬಂದವರು ಲಾಂಡ್ರಿ ವ್ಯಾನ್ ಓಡಿಸುವವನ ತಾಯಿ.

"ನಮ್ಮವನು ಪೊಲೀಸರ ಮೇಲೆ ಗಾಡಿ ಹತ್ತಿಸೋಕೆ ಹೋದ ಅಂತಾರಮ್ಮ. ಭುಜಕ್ಕೆ ಗುಂಡು ಬಿದ್ದು ಆಸ್ಪತ್ರೇಲಿದಾನೆ. ವಾಸಿಯಾದ್ಮೇಲೆ ಜೈಲಂತೆ. ಇರುವೆ ಕಂಡ್ರೂ ಬ್ರೇಕ್ ಹಾಕೋನು ಅವನು!"

"ಅವನೇನಂತಾನೆ?" ಅಕ್ಕ ಕೇಳಿದಳು.

"ನಿಲ್ಸು ಅಂದ್ರು, ನಿಲ್ಲಿಸ್ದೆ. ಪೇಪರ್ ತೆಗಿ ಅಂದ್ರು, ಡ್ಯಾಶ್‌ಬೋರ್ಡ್ ಖಾನೆಗೆ ಕೈ ಹಾಕ್ದೆ. ಪಕ್ಕದ ಕಿಟಕಿಯಿಂದ ಗುಂಡು ಬಂತು, ಒಂದೇ ಸದ್ದು ಕೇಳಿದ್ದು ಅಂತಾನೆ."

ಪೊಲೀಸರ ವರದಿಯಲ್ಲಿ ಮಾತ್ರ ಎರಡು ಗುಂಡುಗಳಿದ್ದವು. ವ್ಯಾನು ಮೈಮೇಲೆ ಬಂದಾಗ ಪೇದೆ ಎದುರುಗಾಜಿಗೆ ಹೊಡೆದದ್ದು ಮೊದಲನೆಯದು. ಪಕ್ಕಕ್ಕೆ ಹಾರಿ ಕಿಟಕಿಗೆ ಹೊಡೆದದ್ದು ಎರಡನೆಯದು. ಎರಡೂ ಅವನ ಪಿಸ್ತೂಲಿನವೇ.

ತನಿಖೆಗೆಂದು ಠಾಣೆಗೆ ಬಂದಿದ್ದ ಅಧಿಕಾರಿ ಮೇಡಂ ಒಳ್ಳೆಯವರು. ಫೋಟೋ, ಅಳತೆ ಎಲ್ಲ ಮುಗಿದಿದ್ದರಿಂದ ಠಾಣೆಯ ಅಂಗಳದಲ್ಲಿದ್ದ ವ್ಯಾನನ್ನು ನೋಡಲು ನಮ್ಮನ್ನು ಬಿಟ್ಟರು. ನನ್ನ ಮಂಡಿನೋವು ಕಂಡು ಕುರ್ಚಿ ತರಲೂ ಹೇಳಿದರು. ಕುರ್ಚಿ ಬರುವಷ್ಟರಲ್ಲಿ ನಾನು ಚಾಲಕನ ಸೀಟಿಗೆ ಕೈಯೂರಿ "ಅಯ್ಯೋ!" ಎಂದಿದ್ದೆ.

"ನಿನ್ನ ಅವಸರಕ್ಕಿಷ್ಟು!" ಎಂದು ಬೈಯುತ್ತಲೇ ಅಕ್ಕ ನನ್ನ ಅಂಗೈಯಿಂದ ಗಾಜಿನ ಪುಡಿಯನ್ನು ಒಂದೊಂದೇ ಕಣವಾಗಿ ತೆಗೆದಳು. ಆಮೇಲೆ ಸೀಟನ್ನು ದಿಟ್ಟಿಸಿದಳು. ಒಣಗಿದ ರಕ್ತದ ಮೇಲೆ ಆ ಪುಡಿ ಸಮನಾಗಿ ಹರಡಿತ್ತು.

"ಗಾಯ ಆದವನನ್ನ ಆಸ್ಪತ್ರೆಗೆ ಸೇರಿಸಿದ್ದು ಯಾರು?"

"ಆ ಪೇದೆನೇ," ಎಂದರು ಮೇಡಂ. "ಪಿಸ್ತೂಲು ಜೊತೆಗಿದ್ದ ಇನ್ಸ್‌ಪೆಕ್ಟರ್‌ಗೆ ಕೊಟ್ಟು, ತನ್ನ ಅಂಗೀನೇ ಬಿಚ್ಚಿ ಗಾಯಕ್ಕೆ ಒತ್ತಿ ಹಿಡ್ಕೊಂಡು ಆಂಬುಲೆನ್ಸ್ ಹತ್ತಿದ. ಇನ್ಸ್‌ಪೆಕ್ಟರ್ ಒಬ್ರೇ ಒಂದು ಗಂಟೆ ವ್ಯಾನಿಗೆ ಕಾವಲಿದ್ರು."

ಮರುದಿನ ಮಧ್ಯಾಹ್ನ ಮೇಡಂ ಕರೆಸಿದ್ದರಿಂದ ಆಸ್ಪತ್ರೆಯಲ್ಲಿ ಚಾಲಕನ ಮಂಚದ ಸುತ್ತ ಎಲ್ಲರೂ ಸೇರಿದೆವು.

"ಏನಜ್ಜಿ, ಗಾಜಿನಂಗಡಿಯೋರೂ ಕಾನೂನು ಹೇಳ್ತೀರಾ ಈಗ?" ಎಂದು ಇನ್ಸ್‌ಪೆಕ್ಟರ್ ಅಕ್ಕನ ನರೆಗೂದಲು ನೋಡಿ ನಕ್ಕರು.

"ಇಲ್ಲಪ್ಪ, ಗಾಜು ಹೇಳಿದ್ದನ್ನ ಹೇಳ್ತೀನಿ. ಪಕ್ಕದ ಗಾಜು ಒಡೆದ್ರೆ ಹರಳು ಹರಳಾಗಿ ಉದುರುತ್ತೆ. ಎದುರುಗಾಜಿಗೆ ಗುಂಡು ತೂರಿದ್ರೆ ಸಣ್ಣ ಪುಡಿ ಒಳಗೆ ಹಾರುತ್ತೆ. ಇವನು ಕೂತಿದ್ದಿದ್ರೆ ಆ ಪುಡಿ ಇವನ ತೊಡೆ ಮೇಲೆ ಬೀಳ್ಬೇಕಿತ್ತು. ಬಿದ್ದಿರೋದು ಸೀಟಿನ ಮೇಲೆ, ಅದೂ ಒಣಗಿದ ರಕ್ತದ ಮೇಲೆ. ಅಂದ್ರೆ ಎದುರಿಂದ ಗುಂಡು ಬಂದಾಗ ಸೀಟು ಖಾಲಿ. ಪೇದೆ ಆಸ್ಪತ್ರೇಲಿ. ಪಿಸ್ತೂಲು ನಿಮ್ಮ ಕೈಲಿ."

"ಖಾಲಿ ಸೀಟಿಗೆ ನಾನ್ಯಾಕೆ ಹೊಡೀಲಿ?"

"ಗಾಡಿ ಮೈಮೇಲೆ ಬಂದು, ಸರಿಯೋಕೂ ಜಾಗ ಇಲ್ದಿದ್ರೆ ಗುಂಡು ಹಾರಿಸಿದ್ದು ಸರಿ ಅಂತ ನಾನೂ ಒಪ್ತೀನಿ. ನಿಂತ ಗಾಡೀಲಿ ಪೇಪರ್ ತೆಗೆಯೋನಿಗೆ ಹೊಡೆದ್ರೆ ಯಾರೂ ಒಪ್ಪಲ್ಲ. ಅದು ನಿಮಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಎದುರಿಂದ ಒಂದು ತೂತು ಬೇಕಾಯ್ತು."

ಇನ್ಸ್‌ಪೆಕ್ಟರರ ನಗು ಆರಿತು. ಗೋಡೆಗೊರಗಿದ್ದ ಪೇದೆ ಮುಂದೆ ಬಂದ.

"ನಾನು ಹೊಡೆದಿದ್ದು ಒಂದೇ ಮೇಡಂ. ಖಾನೆಗೆ ಕೈ ಹಾಕಿದಾಗ ಆಯುಧ ಅಂದ್ಕೊಂಡೆ. ಪೇಪರ್ ತೆಗಿ ಅಂದಿದ್ದೂ ನಾನೇ. ನಿನ್ನ ಉಳಿಸ್ತೀನಿ ಅಂತ ಸಾಹೇಬ್ರು ಬರೆದ್ರು, ನಾನು ಸಹಿ ಹಾಕ್ದೆ. ಭಯ ಆಗಿತ್ತು."

"ಭಯ ನಿಜ ಕಣಪ್ಪ," ಎಂದಳು ಅಕ್ಕ ಮೆಲ್ಲಗೆ. "ಆದ್ರೆ ಅವನ ಕೈಲಿ ಏನಿದೆ ಅಂತ ನೋಡೋದೂ ನಿನ್ನ ಕೆಲಸಾನೇ ಆಗಿತ್ತು."

ಮೇಡಂ ಎಲ್ಲವನ್ನೂ ಬರೆದುಕೊಂಡರು. ಚಾಲಕನ ಮೇಲಿನ ಕೇಸು ಅಲ್ಲಿಗೇ ಮುಗಿಯಿತು. ನನ್ನ ಅಂಗೈ ಇನ್ನೂ ಉರಿಯುತ್ತಿತ್ತು. ಆ ಉರಿಗೂ ಮನಸ್ಸಿನಲ್ಲೇ ಕೈಮುಗಿದೆ.

ಹೊರಗೆ ಬಂದಾಗ ಪೇದೆ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದ. ಅವನ ಮೇಲೂ ವಿಚಾರಣೆ ಕಾದಿತ್ತು. ಅವನು ಗಾಯ ಒತ್ತಿ ಹಿಡಿಯದಿದ್ದರೆ ಮಗ ಉಳಿಯುತ್ತಿರಲಿಲ್ಲವೆಂದು ಡಾಕ್ಟರು ಹೇಳಿದ್ದನ್ನು ತಾಯಿ ಕೇಳಿಸಿಕೊಂಡಿದ್ದರು. ಆಕೆ ಮಗನಿಗೆಂದು ತಂದ ಊಟದ ಕ್ಯಾರಿಯರ್ ಬಿಚ್ಚಿ, ಒಂದು ಡಬ್ಬಿಯನ್ನು ಸೆರಗಿನಲ್ಲಿ ಒರೆಸಿ, ಅವನ ಎರಡೂ ಕೈಗಳಲ್ಲಿ ಇಟ್ಟರು.