ಮೊದಲು ಮಲಗಿದವಳು

"ಮೊದಲನೇ ಗುಂಡಿಗೆ ಮಕ್ಕಳನ್ನ ಇಳಿಸಬೇಡಿ ಪಾದ್ರಿಗಳೇ," ಎಂದ ಗಂಟೆ ಬಾರಿಸುವ ಮುದುಕ ಗ್ರಿಮೂರ್. "ಹೊಸ ಸ್ಮಶಾನದಲ್ಲಿ ಮೊದಲು ಮಲಗಿದವರು ಕೊಳೆಯಲ್ಲ. ಹಿಂದೆ ಬರೋ ಪ್ರತಿ ಹೆಣಕ್ಕೂ ಅವರೇ ಎದ್ದು ಗೇಟು ತೆಗೀಬೇಕು. ಲೋಕ ಮುಗಿಯೋ ತನಕ ನಿದ್ದೆ ಇಲ್ಲ ಅವರಿಗೆ."

ಪಾದ್ರಿ ಐವಿಂದುರ್ ನಕ್ಕ. ಕೋಪನ್‌ಹೇಗನ್ನಿನಲ್ಲಿ ಓದಿ ಐಸ್‌ಲ್ಯಾಂಡಿಗೆ ಮರಳಿ, ಹೋದ ಬೇಸಿಗೆಯಷ್ಟೇ ನಮ್ಮ ಕಣಿವೆಗೆ ಬಂದವನು. "ಲೂಥರ್ ಹುಟ್ಟಿ ನಾನೂರು ವರ್ಷ ಆಯ್ತು. ನೀವಿನ್ನೂ ಹೆಣಗಳಿಗೆ ಕಾವಲು ಕೆಲಸ ಹಂಚ್ತಾ ಕೂತಿದ್ದೀರಿ. ಅದು ಬರೀ ಮಣ್ಣು, ಮುದುಕಪ್ಪ."

ಹಳೆಯ ಸ್ಮಶಾನವನ್ನು ಹಿಮನದಿ ವರ್ಷವರ್ಷವೂ ಕಡಿದು ತಿನ್ನುತ್ತಿತ್ತು. ಮುನ್ನೂರು ವರ್ಷದ ಎಲುಬುಗಳು ದಂಡೆಯಿಂದ ಹೊರಚಾಚಿದ್ದವು. ಅದಕ್ಕೇ ಊರವರು ಚರ್ಚನ್ನು ಹಲಗೆ ಹಲಗೆಯಾಗಿ ಬಿಚ್ಚಿ ಗುಡ್ಡದ ಮೇಲೆ ಮತ್ತೆ ಕಟ್ಟಿ, ಪಕ್ಕದಲ್ಲೇ ಹುಲ್ಲುಹೆಂಟೆಯ ಗೋಡೆ ಎಬ್ಬಿಸಿ, ಹೊಸ ಸ್ಮಶಾನ ಮಾಡಿದ್ದರು. ಮೊದಲು ಯಾರು ಎಂಬುದೂ ತೀರ್ಮಾನವಾಗಿತ್ತು. ಎಂಬತ್ತಾರರ ರಾಗ್ನಾ ಅಜ್ಜಿ ತಾನೇ ಒಪ್ಪಿದ್ದಳು. "ಬದುಕಿದ್ದಾಗಲೇ ನಂಗೆ ನಿದ್ದೆ ಬರಲ್ಲ. ಕಾಯ್ತೀನಿ ಬಿಡ್ರೋ. ಯಾವ್ಯಾವ ಬಡ್ಡೀಮಕ್ಳು ಬರ್ತಾರೋ ನೋಡೋಣ" ಎಂದು ಹಾಸಿಗೆಯಲ್ಲೇ ನಶ್ಯ ಏರಿಸುತ್ತಿದ್ದಳು. ಊರು ಮರ್ಯಾದೆಯಿಂದ ಅವಳ ಸಾವನ್ನು ಕಾಯುತ್ತಿತ್ತು.

ಆದರೆ ಅಜ್ಜಿಗಿಂತ ಮೊದಲು ಹೋದವಳು ಸುನ್ನೇವಾ. ಹನ್ನೊಂದು ವರ್ಷದವಳು. ಅಪ್ಪ ಕಡಲಲ್ಲಿ ಮುಳುಗಿದ ಮೇಲೆ ಊರಿನ ಹಿರಿಯರು, ಗತಿಯಿಲ್ಲದ ಎಲ್ಲ ಮನೆಗಳನ್ನೂ ಒಡೆಯುವಂತೆ ಈ ಮನೆಯನ್ನೂ ಒಡೆದು, ತಾಯಿ ಥೊರ್ಡಿಸಳನ್ನು ಕಣಿವೆಯ ಆ ತುದಿಗೂ ಮಗಳನ್ನು ಪಾದ್ರಿಯ ಮನೆಗೂ ಚಾಕರಿಗೆ ಹಾಕಿದ್ದರು. ಸುನ್ನೇವಾ ಬಾಗಿಲ ಬಳಿ, ಗಾಳಿ ನುಗ್ಗುವಲ್ಲಿ ಮಲಗುತ್ತಿದ್ದಳು. ಪಾದ್ರಿಯ ನಾಲ್ಕು ವರ್ಷದ ಮಗಳು ಊನಾಳನ್ನು ಸೊಂಟದಿಂದ ಕೆಳಗಿಳಿಸುತ್ತಿರಲಿಲ್ಲ. ಮಾರ್ಚ್ ತಿಂಗಳ ಹಿಮಗಾಳಿಯಲ್ಲಿ ಎರಡು ಕುರಿ ಕಾಣುತ್ತಿಲ್ಲವೆಂದು ಪಾದ್ರಿ ಅವಳನ್ನು ಹೊರಗಟ್ಟಿದ. ಕುರಿಗಳು ತಾವಾಗಿ ಮನೆಗೆ ಬಂದವು. ಅವಳು ಮೂರನೇ ದಿನ ಸಿಕ್ಕಳು.

"ಇವಳೇ ಮೊದಲಾಗಲಿ. ಈ ಮೂಢತನ ಇವತ್ತಿಗೆ ಮುಗೀಲಿ" ಎಂದ ಪಾದ್ರಿ. ದೊಡ್ಡ ಮನೆಯ ಮಗುವಾಗಿದ್ದರೆ ಹಾಗೆನ್ನುತ್ತಿರಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು. ಆದರೂ ಸನಿಕೆ ಎತ್ತಿಕೊಂಡರು.

ಥೊರ್ಡಿಸ್ ಓಡಿ ಬರುವಷ್ಟರಲ್ಲಿ ಗುಂಡಿ ಅರ್ಧ ಮುಚ್ಚಿತ್ತು. ಅವಳು ಅಳಲಿಲ್ಲ.

"ನಿಮ್ಮ ಮನೇಲಿ ಒಲೆ ಹತ್ರ ಜಾಗ ಕೊಡಲಿಲ್ಲ. ಸತ್ತ ಮೇಲಾದ್ರೂ ಮಲಗಕ್ಕೆ ಬಿಟ್ರಾ? ಇಲ್ಲೂ ಬಾಗಿಲು ಕಾಯಕ್ಕೇ ಹಾಕಿದ್ರಿ."

"ದುಃಖದಲ್ಲಿ ಮಾತಾಡ್ತಿದ್ದೀಯಮ್ಮ. ಪ್ರಾರ್ಥನೆ ಮಾಡು."

"ನಿನ್ನ ಪ್ರಾರ್ಥನೆಗೆ ಬೆಂಕಿ ಹಾಕ!"

ಶಾಲಿನ ಮರೆಯಿಂದ ಅವಳು ಒಂದು ಕುರಿಯ ಎಲುಬು ತೆಗೆದಳು. ಅದರ ಮೇಲೆ ಚಾಕುವಿನಲ್ಲಿ ಕೊರೆದ ಮಾಟದ ಗೆರೆಗಳು, ಗೆರೆಗಳೊಳಗೆ ಅವಳದೇ ರಕ್ತ. ಬಗ್ಗಿ ಅದನ್ನು ಮಣ್ಣಿಗೆ ಚುಚ್ಚಿದಳು. "ಸುನ್ನೇವಾ, ಅಮ್ಮ ಹೇಳ್ತಿದೀನಿ ಕೇಳು. ಇವನ ಮನೆಯವರು ಯಾರೇ ಬರಲಿ, ಗೇಟು ತೆಗೀಬೇಡ. ಇವನ ಚಾಕರಿ ಮಾಡಿದ್ದು ಸಾಕು."

ಜುಲೈನಲ್ಲಿ ಗಂಟಲಮಾರಿ ಬಂತು. ಊನಾ ಎರಡೇ ದಿನದಲ್ಲಿ ಉಸಿರು ಕಟ್ಟಿ ಸತ್ತಳು.

ಗೇಟು ತೆರೆಯಲಿಲ್ಲ. ಬೀಗವಿಲ್ಲದ, ಚಿಲಕ ಎತ್ತಿ ತಳ್ಳಿದರೆ ಸರಿಯುವ ಗೇಟು. ನಾಲ್ವರು ಭುಜ ಕೊಟ್ಟರೂ ಅಲುಗಲಿಲ್ಲ. ಗೋಡೆ ಹತ್ತಿ ಪುಟ್ಟ ಪೆಟ್ಟಿಗೆಯನ್ನು ಒಳಗಿಳಿಸಿದರು. ಅಗೆದ ಗುಂಡಿಯಲ್ಲಿ ನೀರು ಉಕ್ಕಿತು. ಗುಡ್ಡದ ನೆತ್ತಿಯಲ್ಲಿ ಹಿಮನದಿಯ ಬೂದು ನೀರು! ಕೊಳೆತ ಮೊಟ್ಟೆಯ ವಾಸನೆ. ಪೆಟ್ಟಿಗೆ ತೇಲಿ ಮೇಲೆ ಬಂತು. ಕಲ್ಲು ಹೇರಿದರು. ಮತ್ತೆ ಬಂತು. ಮರುದಿನ ಬೇರೆ ಕಡೆ ಅಗೆದರು. ಅಲ್ಲೂ ನೀರು. ಮೂರನೇ ದಿನ ಚರ್ಚಿನೊಳಗೆ ನೊಣಗಳ ಗುಂಯ್‌ಗುಟ್ಟುವಿಕೆ ಬಿಟ್ಟರೆ ಬೇರೆ ಸದ್ದಿರಲಿಲ್ಲ. ಪಾದ್ರಿಯ ಹೆಂಡತಿ ಪೆಟ್ಟಿಗೆಯ ಪಕ್ಕ ಕೂತು ಕೈಬೀಸುತ್ತಲೇ ಇದ್ದಳು.

ಪಾದ್ರಿ ಕಣಿವೆಯ ಆ ತುದಿಗೆ ಓಡಿದ. ಥೊರ್ಡಿಸ್ ಹುಲ್ಲು ಒಣಹಾಕುತ್ತಿದ್ದಳು.

"ಏನು ಬೇಕಾದ್ರೂ ಕೇಳು. ಕೊಡ್ತೀನಿ."

"ನನ್ನ ಮಗಳನ್ನ ಕೊಡು."

ನಡುಮಧ್ಯಾಹ್ನ ಸುನ್ನೇವಾಳ ಗುಂಡಿ ಅಗೆದರು. ಮೇಲೆ ಬಿಸಿಲು. ಗುಂಡಿಯೊಳಗೆ ಮಾತ್ರ ಕಪ್ಪು. ಸನಿಕೆ ಹಲಗೆಗೆ ತಾಗಿತು. ಪಾದ್ರಿಯೇ ಮುಚ್ಚಳ ಎಬ್ಬಿದ. ವಾಸನೆಯಿಲ್ಲ. ನಾಲ್ಕು ತಿಂಗಳಾಗಿತ್ತು. ವಾಸನೆಯೇ ಇಲ್ಲ. ಸುನ್ನೇವಾ ಮಲಗಿರಲಿಲ್ಲ. ಮೊಣಕಾಲು ಮಡಿಸಿ, ಕರೆದರೆ ಏಳುವಂತೆ, ಒತ್ತರಿಸಿಕೊಂಡು ಕೂತಿದ್ದಳು. ಕಣ್ಣು ತೆರೆದಿತ್ತು. ಅಂಗೈ ಕೆಂಪಗೆ ಬಾತಿತ್ತು. ಮೂರು ದಿನ ಏನನ್ನೋ ಒಳಗಿನಿಂದ ಬಿಗಿಹಿಡಿದ ಅಂಗೈ.

ಥೊರ್ಡಿಸ್ ಇಳಿದು ಅವಳ ರೆಪ್ಪೆ ಮುಚ್ಚಿದಳು. ಆಗ, ಆಗಷ್ಟೇ, ಹೆಣದ ವಾಸನೆ ಎದ್ದಿತು. ತಾಯಿ ಅದನ್ನು ಉಸಿರು ತುಂಬ ಎಳೆದುಕೊಂಡಳು.

"ನೀರು ನಿಂತಿದೆ," ಎಂದ ಗ್ರಿಮೂರ್. "ಆದ್ರೆ ಇವಳನ್ನ ಎತ್ತಿದ ಮೇಲೆ ಮತ್ತೆ ಇದೇ ಮೊದಲನೇ ಗುಂಡಿ, ಪಾದ್ರಿಗಳೇ."

ಪಾದ್ರಿ ರಾಗ್ನಾ ಅಜ್ಜಿಯ ಮನೆಗೆ ಜನ ಕಳಿಸಿದ. ಉತ್ತರ ಬಂತು: "ಅವತ್ತು ಸಾಯಕ್ಕೆ ಕೂತಿದ್ದೆ, ಅವನಿಗೆ ಅವಸರ. ಈಗ ಹುಷಾರಾಗಿದೀನಿ ಅಂತ ಹೇಳಿ."

"ನೀನೇ ಇಳಿ," ಎಂದಳು ಥೊರ್ಡಿಸ್, ಮಗಳನ್ನು ಶಾಲಿನಲ್ಲಿ ಸುತ್ತುತ್ತಾ. "ನಿನ್ನ ಮಗು ನೆಮ್ಮದಿಯಾಗಿ ನಿದ್ದೆ ಮಾಡ್ತಾಳೆ. ಇಳಿಯೋ. ಬರೀ ಮಣ್ಣು ತಾನೇ?"

ಅವನು ಅಂಚಿಗೆ ಬಂದ. ಬಗ್ಗಿ ನೋಡಿದ. ಊರೆಲ್ಲ ನೋಡುತ್ತಿತ್ತು. ಒಂದು ಹೆಜ್ಜೆ ಹಿಂದೆ ಸರಿದ.

"ಮಗುವನ್ನ ತನ್ನಿ," ಎಂದ.

ಹೆಂಡತಿ ಅವನ ಮುಖಕ್ಕೆ ಉಗಿದಳು. ನೆಲ ಊನಾಳನ್ನು ತಕ್ಷಣ ತೆಗೆದುಕೊಂಡಿತು. ಒಂದು ಹನಿ ನೀರು ಬರಲಿಲ್ಲ.

ಅಕ್ಟೋಬರಿನಲ್ಲಿ ಕೊನೆಗೂ ರಾಗ್ನಾ ಅಜ್ಜಿ ಸತ್ತಳು. ಪೆಟ್ಟಿಗೆ ಹೊತ್ತವರು ಗೇಟಿಗೆ ಇನ್ನೂ ಹತ್ತು ಮಾರು ದೂರದಲ್ಲಿದ್ದರು. ಒಳಗಿನಿಂದ ಚಿಲಕ ಕಿರುಗುಟ್ಟಿತು. ಅರ್ಧ ಎದ್ದು ಕೆಳಗೆ ಬಿತ್ತು. ಮತ್ತೆ ಎದ್ದಿತು. ಮತ್ತೆ ಬಿತ್ತು. ಪುಟ್ಟ ಕೈಗೆ ಎಟುಕುತ್ತಿರಲಿಲ್ಲ. ಪಾದ್ರಿಯ ಬಾಯಲ್ಲಿ ಕೀರ್ತನೆ ನಿಂತುಹೋಯಿತು. ನಾಲ್ಕನೇ ಸಲಕ್ಕೆ ಗೇಟು ತೆರೆಯಿತು. ಅಲ್ಲಿ ಯಾರೂ ಇರಲಿಲ್ಲ.

ಗ್ರಿಮೂರ್ ಟೋಪಿ ತೆಗೆದು, "ಉಪಕಾರ ಆಯ್ತು, ಪುಟ್ಟಿ" ಎಂದು ಒಳಗೆ ಹೋದ. ಹಿಂದಿನವರೂ ಒಬ್ಬೊಬ್ಬರಾಗಿ ಹಾಗೇ ಹೇಳಿ ಹೋದರು. ಪಾದ್ರಿ ಕೊನೆಯಲ್ಲಿ ಉಳಿದ. ಅವನಿಗಾಗಿ ತೆರೆದೇ ಇದ್ದ ಗೇಟು ಸಣ್ಣಗೆ ನಡುಗುತ್ತಿತ್ತು, ಹಿಡಿದು ನಿಂತವಳಿಗೆ ಚಳಿಯಾಗುತ್ತಿರುವಂತೆ.