ಹದಿನಾರರ ಜೋಡಿ

2023ರ ಅಕ್ಟೋಬರ್ 27, ಶುಕ್ರವಾರ. ಬೆಳಿಗ್ಗೆ ಹತ್ತು ದಾಟಿತ್ತು. ಭತ್ತ ಬೆಳೆಗಾರರ ಸಂಘದ ಅಧ್ಯಕ್ಷ ಚಂದ್ರನ್ ಪನಮರಂ ಠಾಣೆಯ ಮೆಟ್ಟಿಲು ಹತ್ತಿದರು. ಕೈಯಲ್ಲಿ ಮೊದಲೇ ಬರೆದು ತಂದ ದೂರು. ಹಿಂದೆ, ತುಸು ದೂರ ಬಿಟ್ಟು, ಸಂಘದಲ್ಲಿ ಕಂಪ್ಯೂಟರ್ ಕೆಲಸ ಮಾಡುವ ವಿಮಲ.

ಇನ್ಸ್‌ಪೆಕ್ಟರ್ ದಾಮೋದರನ್ ದೂರನ್ನು ಎರಡು ಸಲ ಓದಿದರು.

"ಕಂಪ್ಯೂಟರ್ ಕಳವಾಗಿದೆಯಾ?"

"ಇಲ್ಲ ಸಾರೇ. ಕಂಪ್ಯೂಟರ್ ಇದೆ."

"ಮತ್ತೆ?"

"ಅದರ ಒಳಗಿನದು ಹೋಗಿದೆ."

ಪಕ್ಕದಲ್ಲಿ ನಿಂತಿದ್ದ ಕಾನ್‌ಸ್ಟೆಬಲ್ ಕರಿಯಪ್ಪನಿಗೆ ನಗು ತಡೆಯಲಾಗಲಿಲ್ಲ. "ತೊಳೆ ತಿಂದು ಹಲಸಿನಕಾಯಿ ಹಾಗೇ ಮುಚ್ಚಿಟ್ಟು ಹೋದ್ರಾ?"

ಚಂದ್ರನ್ ನಗಲಿಲ್ಲ. ಹೊಸ ಕಂಪ್ಯೂಟರ್, ಓಣಂ ಕಳೆದ ಮೇಲೆ ಕಲ್ಪೆಟ್ಟದ ಅಂಗಡಿಯಿಂದ ತರಿಸಿದ್ದು. ಕುದುರೆ ಹಾಗೆ ಓಡುತ್ತಿತ್ತು. ವಿಜಯದಶಮಿ ಮುಗಿಸಿ ಹಚ್ಚಿದರೆ ಎಮ್ಮೆ. ಗದ್ದೆಗಳ ನಕ್ಷೆ ತೆರೆದರೆ ಅಲ್ಲೇ ಮಲಗಿಬಿಡುತ್ತದೆ. ಮೂವತ್ತೆರಡು ಜಿಬಿ ಇದ್ದ ರ‍್ಯಾಮ್ ಈಗ ನಾಲ್ಕು ಎಂದು ತೋರಿಸುತ್ತಿದೆ.

"ನಾಲ್ಕು ಅಂತ ಕಂಡುಹಿಡಿದದ್ದು ಯಾರು?"

"ಇವಳು."

"ಸಂಶಯ ಯಾರ ಮೇಲೆ?"

"ಇವಳ ಮೇಲೇ, ಸಾರೇ. ಆ ಸಾಮಾನು ಏನು, ಎಲ್ಲಿರುತ್ತೆ ಅಂತ ನಮ್ಮಲ್ಲಿ ಗೊತ್ತಿರೋದು ಇವಳೊಬ್ಬಳಿಗೆ."

ಗೊತ್ತಿರುವುದೇ ತಪ್ಪು. ಗೊತ್ತಿಲ್ಲದವರು ಅಧ್ಯಕ್ಷರಾಗುತ್ತಾರೆ, ಗೊತ್ತಿರುವವರು ಠಾಣೆಗೆ ಬರುತ್ತಾರೆ. ಸೋಮವಾರದೊಳಗೆ ಸಾಮಾನು ಬರದಿದ್ದರೆ ಕೆಲಸಕ್ಕೆ ಬರಬೇಡ ಎಂದು ಚಂದ್ರನ್ ಆಗಲೇ ಹೇಳಿಯಾಗಿತ್ತು. ಪನಮರಂ ಪೇಟೆಯಲ್ಲಿ ಒಬ್ಬರನ್ನು ಕಳ್ಳರು ಮಾಡಲು ಸಾಕ್ಷಿ ಬೇಡ, ಸಂಜೆಯ ಒಂದು ಬಸ್ಸು ಸಾಕು. ನಿನ್ನೆ ಬಸ್ಸಿನಲ್ಲಿ ವಿಮಲಳ ಪಕ್ಕದ ಸೀಟು ಖಾಲಿ ಇತ್ತು, ಜನ ನಿಂತಿದ್ದರು.

ಐಪಿಸಿ 380ರ ಕೆಳಗೆ ಎಫ್‌ಐಆರ್ ಆಯಿತು. ಆರೋಪಿ ಎಂಬಲ್ಲಿ ದಾಮೋದರನ್ 'ಅಪರಿಚಿತ' ಎಂದು ಬರೆಸಿದರು.

"ಹೆಸರು ಬರೀಲಿಲ್ಲ?" ಚಂದ್ರನ್ ಕೇಳಿದರು.

"ಹೆಸರು ನೀವು ಹೇಳಿದ್ದು. ನಾನು ಹುಡುಕಿದ್ದಲ್ಲ."

ಮೊದಲ ಸಂಶಯ ಮಾರಿದವನ ಮೇಲೆ. ಕರಿಯಪ್ಪ ಕಲ್ಪೆಟ್ಟಕ್ಕೆ ಫೋನ್ ಮಾಡಿದ. ಅಂಗಡಿಯವನು ಕೂಡಿಸಿಕೊಟ್ಟ ದಿನ ಪರದೆಯ ಫೋಟೊ ತೆಗೆದಿಟ್ಟಿದ್ದ, ಐದು ನಿಮಿಷದಲ್ಲಿ ವಾಟ್ಸ್ಯಾಪ್‌ಗೆ ಬಂತು. ಹದಿನಾರರದ್ದು ಎರಡು, ಒಟ್ಟು ಮೂವತ್ತೆರಡು ಎಂದೇ ಇತ್ತು. ಹಬ್ಬದವರೆಗೂ ಮಿಷನ್ ಚೆನ್ನಾಗಿ ಓಡಿತ್ತು ಎಂದು ಚಂದ್ರನ್ನೇ ಹೇಳಿದ್ದರು. ಕಳವು ಹಬ್ಬದಲ್ಲೇ ಆಗಿರಬೇಕು.

ಮಧ್ಯಾಹ್ನ ಸಂಘದ ಕಚೇರಿಯಲ್ಲಿ ಪಂಚನಾಮೆ. ಇಲ್ಲಿನವರ ಬಾಯಲ್ಲಿ ಮಹಜರ್. ಪಂಚರಾಗಿ ಎದುರಿನ ಗೊಬ್ಬರದಂಗಡಿಯವನೂ ಒಬ್ಬ ಟೈಲರೂ ಬಂದರು. ವಿಮಲಳನ್ನು ಬಾಗಿಲ ಹೊರಗೆ ನಿಲ್ಲಿಸಲಾಯಿತು.

ಕಂಪ್ಯೂಟರಿನ ಡಬ್ಬಿ ಮೇಜಿನ ಮೇಲಿತ್ತು. ಪಕ್ಕದ ತಗಡಿನ ಮೇಲೆ ಒಣಗಿದ ಗಂಧ, ಬಾಡಿದ ಚೆಂಡುಹೂವು. ಪೂಜೆಯ ಗುರುತು. ಕಚೇರಿಯ ಬೀಗದ ಕೈ ಇಟ್ಟುಕೊಳ್ಳುವ ಜವಾನ ಕೇಳು ವಿವರ ಕೊಟ್ಟ. ಭಾನುವಾರ ಕತ್ತಲಾದ ಮೇಲೆ ದೀಪ ಹಚ್ಚಿ ಪೂಜೆಗಿಟ್ಟದ್ದು. ಗಂಧ ಇಟ್ಟದ್ದು ಅಧ್ಯಕ್ಷರು. ಆಮೇಲೆ ಮಂಗಳವಾರ ಬೆಳಿಗ್ಗೆ ಪೂಜೆ ಎತ್ತುವವರೆಗೆ ಬೀಗ. ಪೂಜೆಗಿಟ್ಟ ಆಯುಧ, ಪುಸ್ತಕ ಆ ಹೊತ್ತಿನಲ್ಲಿ ಯಾರೂ ಮುಟ್ಟುವುದಿಲ್ಲ. ಪೆನ್ನನ್ನು ಕೂಡ.

"ವಿಮಲ ಪೂಜೆಯಲ್ಲಿದ್ದಳಾ?"

"ಇಲ್ಲ ಸಾರೇ. ಅವರು ಜೈನರಲ್ಲವಾ, ಹೊತ್ತು ಮುಳುಗೋ ಮೊದಲೇ ಉಣ್ಣಬೇಕು. ಐದರ ಬಸ್ಸಿಗೇ ಹೋದಳು. ಮಂಗಳವಾರ ಎಲ್ಲರ ಎದುರಲ್ಲೇ ಸ್ವಿಚ್ ಹಾಕಿದಳು."

ಡಬ್ಬಿಯ ಹಿಂದೆ ಎರಡು ಸ್ಕ್ರೂ. ಕೇಳು ಸ್ಕ್ರೂಡ್ರೈವರ್ ಹಿಡಿದು ಬಗ್ಗಿದ.

"ನಿಲ್ಲು," ಎಂದರು ದಾಮೋದರನ್.

ಮೇಲಿನ ಸ್ಕ್ರೂ ತಲೆಯ ಮೇಲೆ ಒಂದು ಕಪ್ಪು ಬೊಟ್ಟು. ಗ್ರೀಸ್ ಅಲ್ಲ, ಮಸಿಯಲ್ಲ. ಸ್ಕ್ರೂವಿನ ಗೀರಿನೊಳಗೂ ಸಮನಾಗಿ ಕೂತಿತ್ತು, ಎಲ್ಲೂ ಒಡೆದಿರಲಿಲ್ಲ. ಅಂದರೆ ಸ್ಕ್ರೂ ಬಿಗಿದ ಮೇಲೆ ಇಟ್ಟದ್ದು. ದಾಮೋದರನ್ ಬಗ್ಗಿ ಮೂಸಿದರು. ಧೂಪದ ವಾಸನೆ.

"ಇದು ಯಾರು ಇಟ್ಟದ್ದು?"

"ನಮ್ಮ ಪೂಜೇಲಿ ಕಪ್ಪು ಇಲ್ಲವೇ ಇಲ್ಲ," ಎಂದ ಕೇಳು.

ಕರಿಯಪ್ಪ ಕಿಟಕಿಯ ಹೊರಗೆ ನೋಡತೊಡಗಿದ. ಇನ್ಸ್‌ಪೆಕ್ಟರ್ ಸ್ಕ್ರೂ ಬಿಟ್ಟು ಅವನನ್ನೇ ನೋಡಿದರು. ಕರಿಯಪ್ಪನ ಹುಬ್ಬುಗಳ ನಡುವೆ, ಬೆಳಿಗ್ಗೆ ಮಿಂದು ಇಟ್ಟುಕೊಂಡ ಕಪ್ಪು ಗೆರೆ.

ಬೊಟ್ಟಿನ ಫೋಟೊ ತೆಗೆದು, ಕರಿಯನ್ನು ಕಾಗದಕ್ಕೆ ಕೆರೆದು ಕಟ್ಟಿದ ಮೇಲೆ ಡಬ್ಬಿ ತೆರೆದರು. ರ‍್ಯಾಮ್ ಕೂರಿಸುವ ಎರಡು ಸ್ಲಾಟ್‌ಗಳಲ್ಲಿ ಒಂದು ಖಾಲಿ. ಇನ್ನೊಂದರಲ್ಲಿ, ಎಲ್ಲಿಂದಲೋ ಕಿತ್ತು ತಂದ ಧೂಳು ಹಿಡಿದ ಪಟ್ಟಿ. ನಾಲ್ಕರದ್ದು.

ಜೀಪಿನಲ್ಲಿ ಇಬ್ಬರೇ ಇದ್ದಾಗ ದಾಮೋದರನ್ ಕೇಳಿದರು. "ನಿನ್ನ ಹಣೇಲಿ ಇರೋದು ಏನು?"

"ಧೂಳ್ತ ಸಾರೇ. ಧೂಪದ ಕಪ್ಪು ಬೂದಿ. ಮಂಟೇಸ್ವಾಮಿ ಒಕ್ಕಲಿನವರು ಇಟ್ಕೊತೀವಿ."

"ಪನಮರಂನಲ್ಲಿ ಎಷ್ಟು ಮನೆ?"

"ನಾಲ್ಕೋ ಐದೋ. ಗುಂಡ್ಲುಪೇಟೆ ಕಡೆಯಿಂದ ಬಂದೋರು."

"ಒಳಗೆ ಯಾಕೆ ಹೇಳಲಿಲ್ಲ?"

ಕರಿಯಪ್ಪ ಗೇರು ಬದಲಿಸಿದ. "ನಾಳೆ ಅದೇ ಮನೆಗಳ ಮುಂದೆ ನಾನು ನಡ್ಕೊಂಡು ಹೋಗ್ಬೇಕಲ್ಲ ಸಾರೇ."

ದಾಮೋದರನ್ ಅವನ ಕಡೆ ಓರೆಯಾಗಿ ನೋಡಿದರು. ಅವರಿಗೆ ಈಗ ಕರಿಯಪ್ಪನ ಮೇಲೂ ಒಂದು ಕಣ್ಣಿತ್ತು.

ಮೂರು ಗಂಟೆಗೆ ವಿಮಲಳ ಹೇಳಿಕೆ, ಅವಳ ಮನೆಮಾತು ಕನ್ನಡದಲ್ಲಿ. ದಾಮೋದರನ್ ಗಡಿಯ ಠಾಣೆಗಳಲ್ಲೇ ಸವೆದವರು, ಕನ್ನಡ ಅರ್ಥವಾಗುತ್ತಿತ್ತು. ಬಾಗಿಲ ಬಳಿ ಮಹಿಳಾ ಪೊಲೀಸ್ ಕೂತಿದ್ದಳು.

"ಇಂಥದ್ದೇ ಕಂಪ್ಯೂಟರ್ ಬೇಕು ಅಂತ ಆರಿಸಿದ್ದು ಯಾರು?"

"ನಾನೇ ಸರ್."

"ಟೈಪ್ ಮಾಡೋಕೆ ಮೂವತ್ತೆರಡು ಯಾಕೆ?"

"ಟೈಪಿಗಲ್ಲ. ಡ್ರೋನಲ್ಲಿ ತೆಗ್ದ ಗದ್ದೆ ಫೋಟೊ ಎಲ್ಲ ಹೊಲೆದು ನಕ್ಷೆ ಮಾಡ್ಬೇಕು. ಯಾವ ಗದ್ದೆಗೆ ನೀರು ಹತ್ತಿಲ್ಲ ಅಂತ ಅದ್ರಲ್ಲಿ ಕಾಣ್ತದೆ. ಹಳೇ ಮಿಷನ್‌ನಲ್ಲಿ ಅರ್ಧಕ್ಕೇ ನಿಂತೋಗ್ತಿತ್ತು."

"ಅಧ್ಯಕ್ಷರು ಒಪ್ಪಿದರಾ?"

"ಅವ್ರಿಗೆ ಬಣ್ಣದ ಲೈಟು ಇರೋದು ಬೇಕಿತ್ತು. ಗಾಜಿನ ಪೆಟ್ಟಿಗೆ, ಒಳಗೆ ಫ್ಯಾನ್ ಮಿನುಗೋದು. ಅದು ಆಟ ಆಡೋರಿಗೆ, ನಮ್ಗೆ ಬೇಡ ಅಂದೆ. ನಡುವಿನ ಪ್ರೊಸೆಸರ್ ಸಾಕು, ರ‍್ಯಾಮ್ ಜಾಸ್ತಿ ಬೇಕು, ಎಸ್‌ಎಸ್‌ಡಿ ಬೇಕು. ಕಣ್ಣು ನೋಯದ ಹಾಗೆ ಪರದೆ ದೊಡ್ಡದು. ಕರೆಂಟ್ ಹೋಗ್ತಾ ಇರ್ತದಲ್ಲ, ಅದ್ಕೆ ಒಂದು ಯುಪಿಎಸ್."

ಎಲ್ಲ ಗಿಳಿಪಾಠದ ಹಾಗೆ ಬಂತು. ದಾಮೋದರನ್‌ಗೆ ಅದೇ ಹಿಡಿಸಲಿಲ್ಲ.

"ಮೂವತ್ತೆರಡರದ್ದು ಒಂದೇ ಪಟ್ಟಿ ಸಿಗುತ್ತಲ್ಲ. ಹದಿನಾರರದ್ದು ಎರಡು ಯಾಕೆ?"

"ಜೋಡಿ ಇದ್ರೆ ಚೆಂದ ಎಳೀತವೆ, ಒಂಟಿ ಎತ್ತು ಕಟ್ಟಿ ಯಾರಾದ್ರೂ ಗದ್ದೆ ಉಳ್ತಾರಾ ಅಂದ್ರು."

"ಯಾರು ಅಂದ್ರು?"

ವಿಮಲ ಬಾಗಿಲ ಕಡೆ ನೋಡಿದಳು.

"ನೋಡು ಮಗಳೇ, ನೀನು ಆರಿಸಿಲ್ಲ. ಆರಿಸಿದವನಿಗೂ ಗೊತ್ತಿತ್ತು ಒಳಗೆ ಏನಿದೆ ಅಂತ. ನೀನು ಅವನನ್ನ ಮುಚ್ಚಿಡ್ತಾ ಇದ್ದೀಯ. ಪಾಲು ಇದೆಯಾ?"

"ಅಯ್ಯೋ, ಇಲ್ಲ ಸರ್!" ಅವಳ ಕಣ್ಣಲ್ಲಿ ನೀರು ತುಂಬಿತು. "ಚಂದ್ರನ್ ಸಾರೇ ಹೇಳಿದ್ದು, ಅವ್ರ ಹೆಸರು ಎತ್ತಬೇಡ ಅಂತ. ಸಲಹೆ ಕೊಟ್ಟೋರು ಎಸ್ಸೆಸ್ಸೆಲ್ಸೀನೂ ಪಾಸಾಗಿಲ್ಲ ಅಂದ್ರೆ ಸಭೇಲಿ ನಗ್ತಾರಂತೆ. ನೀನೇ ಆರಿಸಿದೆ ಅನ್ನು ಅಂದ್ರು. ಅಂದೆ."

"ಹೆಸರು?"

"ಬಸ್ ಸ್ಟ್ಯಾಂಡ್ ಹಿಂದೆ ರಿಪೇರಿ ಅಂಗಡಿ ಇಟ್ಟಿರೋ ಮಾದಪ್ಪಣ್ಣ."

ಕರಿಯಪ್ಪ ಬರೆಯುತ್ತಿದ್ದ ಪೆನ್ನು ನಿಂತಿತು. ಇನ್ಸ್‌ಪೆಕ್ಟರ್ ತಲೆ ತಿರುಗಿಸದೆ ಕೇಳಿದರು. "ಆ ನಾಲ್ಕೈದು ಮನೆಯವನಾ?"

"ಹೌದು ಸಾರೇ."

ಕೇಳುವನ್ನು ಮತ್ತೆ ಕರೆಸಿದರು.

"ಭಾನುವಾರ ದೀಪ ಹಚ್ಚಿದ ಮೇಲೆ, ಮಂಗಳವಾರದ ಒಳಗೆ, ಬೀಗ ತೆಗೆದಿದ್ದೀಯಾ?"

"ಇಲ್ಲ ಸಾರೇ. ಯಾರೂ ಬರಲಿಲ್ಲ."

"ಮಾದಪ್ಪ?"

"ಓ, ಮಾದಪ್ಪ ಬಂದಿದ್ದ. ಸೋಮವಾರ. ತಾನು ಆರಿಸಿ ಕೊಟ್ಟ ಮಿಷನ್, ಕೈಮುಗಿದು ಹೋಗ್ತೀನಿ ಅಂದ. ತೆಗೆದುಕೊಟ್ಟೆ. ನಾನು ಚಹಾ ಕುಡಿಯೋಕೆ ಹೋದೆ."

"ಈಗ ತಾನೆ ಯಾರೂ ಇಲ್ಲ ಅಂದೆ."

ಕೇಳುವಿಗೆ ನಿಜಕ್ಕೂ ಅರ್ಥವಾಗಲಿಲ್ಲ. "ಅದು ಮಾದಪ್ಪನಲ್ಲವಾ, ಸಾರೇ."

ಐದು ಗಂಟೆಗೆ ಜೀಪು ಬಸ್ ಸ್ಟ್ಯಾಂಡ್ ಹಿಂದೆ ನಿಂತಿತು. ಮೊಬೈಲ್ ಅಂಗಡಿಗೂ ಕೋಳಿ ಅಂಗಡಿಗೂ ನಡುವೆ ಒಂದು ಮಳಿಗೆ, ಎರಡು ಮಂಚ ಹಿಡಿಯದಷ್ಟು. ಹೊಟ್ಟೆ ಬಗೆದ ಕಂಪ್ಯೂಟರುಗಳು ಗೋಡೆಗೆ ಒರಗಿದ್ದವು. ನಡುವೆ ಸ್ಟೂಲಿನ ಮೇಲೆ ಮಾದಪ್ಪ. ಇಪ್ಪತ್ತಾರು ಇಪ್ಪತ್ತೇಳರ ಪ್ರಾಯ. ಎದುರಿಗೆ ಫೋನು. ಓಡಲಿಲ್ಲ. ಎದ್ದೂ ನಿಲ್ಲಲಿಲ್ಲ.

"ಬನ್ನಿ ಕರಿಯಪ್ಪಣ್ಣ. ನಿಮ್ಮನ್ನೇ ಕಳಿಸವ್ರಾ? ಒಳ್ಳೇ ಕೆಲ್ಸ."

"ಸೋಮವಾರ ಸಂಘದ ಕಚೇರಿಗೆ ಹೋಗಿದ್ಯಾ?" ಹಿಂದೆಯೇ ಇಳಿದ ದಾಮೋದರನ್ ಕೇಳಿದರು.

"ಓಗಿದ್ದಿ."

"ಡಬ್ಬಿ ಬಿಚ್ಚಿದ್ಯಾ?"

"ಬಿಚ್ದಿ."

"ಬಿಚ್ಚಿ?"

ಮಾದಪ್ಪ ಕೈ ಚಾಚಿ ದೇವರ ಪಟದ ಹಿಂದಿನಿಂದ ಬೆಳ್ಳಿ ಬಣ್ಣದ ಕವರು ತೆಗೆದ. ಎರಡು ಪಟ್ಟಿ. ಹದಿನಾರರ ಜೋಡಿ. ಬೆರಳ ಗುರುತೂ ಬೀಳದ ಹಾಗೆ ಅಂಚಿನಲ್ಲಿ ಹಿಡಿದು ಮೇಜಿನ ಮೇಲಿಟ್ಟ.

ದಾಮೋದರನ್‌ಗೆ ಸಂಶಯ ಹೋಗಲಿಲ್ಲ. ಇಷ್ಟು ಸಲೀಸಾಗಿ ಕೊಡುವವನು ಇನ್ನೇನನ್ನೋ ಮುಚ್ಚಿಡುತ್ತಾನೆ. "ಯಾರಿಗೆ ಮಾರೋಕೆ ಇಟ್ಟಿದ್ದೆ? ಗಿರಾಕಿ ಸಿಗಲಿಲ್ವಾ?"

"ಮಾರದಾ? ಒಂದು ಫೋನ್ ಮಾಡುದ್ರೆ ಕಲ್ಪೆಟ್ಟದಲ್ಲಿ ಕಣ್ಮುಚ್ಚಿ ತಕ್ಕತರೆ ಸಾ."

"ಸ್ಕ್ರೂ ಮೇಲೆ ಧೂಳ್ತ ಇಟ್ಟದ್ದು ನೀನೇನಾ?"

ಮೊದಲ ಸಲ ಮಾದಪ್ಪನ ದನಿ ತಗ್ಗಿತು. "ಪೂಜೆಗೆ ಇಟ್ಟ ಮಿಷನ್ ಬಿಚ್ಚುದ್ದು ತೆಪ್ಪು ಅನ್ನುಸ್ತು. ಅಂಗೇ ಬುಟ್ಟು ಬರಕೆ ಮನ್ಸು ಬರ‍್ನಿಲ್ಲ. ತೆಪ್ಪಾಯ್ತು ಸ್ವಾಮಿ ಅಂತ ಬೊಟ್ಟು ಮಡುಗ್ದಿ."

"ಕದ್ದದ್ದು ತಪ್ಪು ಅನ್ನಿಸಲಿಲ್ಲವಾ?"

"ಕದೀನಿಲ್ಲ. ಬಿಚ್ಚಿ ಮಡಿಕಂಡಿ."

ಜಪ್ತಿ ಮಹಜರ್ ಬರೆದು, ಬಂಧನ ನಮೂದಿಸಿ, ಠಾಣೆಗೆ ಕರೆತಂದರು. ಹೇಳಿಕೆ ಕೊಡುವಾಗ ಮಾದಪ್ಪ ತಡೆಯಿಲ್ಲದೆ ಮಾತಾಡಿದ. ಕರಿಯಪ್ಪ ಬರೆದುಕೊಂಡ.

ವಿಮಲಮ್ಮ ಬಂದು ಕೇಳಿದಾಗ ಅವನು ಮೊದಲು ಕಂಪ್ಯೂಟರಿನ ಮಾತೇ ಎತ್ತಿರಲಿಲ್ಲ. ಮಿಷನ್ ನೋಡುವ ಮುಂಚೆ ಕೆಲಸ ನೋಡಬೇಕು ಎಂದು ಸಂಘಕ್ಕೇ ಹೋಗಿ ಅವಳ ಹಿಂದೆ ಸ್ಟೂಲು ಹಾಕಿ ಕೂತ. ಹಳೆಯದು ಎಲ್ಲಿ ಉಸಿರು ಕಟ್ಟುತ್ತದೆ, ಎಲ್ಲಿ ಸುಮ್ಮನೆ ಕಾಯಿಸುತ್ತದೆ ಎಂದು ನೋಡಿದ. ಮೂರು ದಿನ ಅಂಗಡಿ ಮುಚ್ಚಿದ್ದ. ಎಲ್ಲಿ ಖರ್ಚು ಮಾಡಬೇಕು, ಎಲ್ಲಿ ಬೇಡ ಎಂದು ಬಿಡಿಸಿ ಹೇಳಿದ. ಚಂದ್ರನ್ ಬೆನ್ನು ತಟ್ಟಿದ್ದರು. "ನೀನೇ ಕೂಡಿಸಿಕೊಡು ಮಾದಪ್ಪ, ನಮ್ಮವನಲ್ಲವಾ." ಆಮೇಲೆ ಒಂದು ದಿನ ಕಲ್ಪೆಟ್ಟದ ವ್ಯಾನು ಅವನ ಅಂಗಡಿಯ ಮುಂದೆಯೇ ಹಾದುಹೋಯಿತು. ಒಳಗೆ ಅವನು ಹೇಳಿದ್ದೇ, ಒಂದಕ್ಷರ ಬದಲಿಲ್ಲದೆ.

"ಯಾಕಂತ ಕೇಳ್ದಿ. ನಿನ್ನ ಅಂಗಡಿಗೆ ಬೋರ್ಡಿಲ್ಲ ಅಂದ್ರು. ಸಲಹೆ ಕೇಳುವಾಗ ಬೋರ್ಡು ಬೇಕಿರ‍್ನಿಲ್ಲ."

"ಅದಕ್ಕೆ ಸೇಡು ತೀರಿಸಿಕೊಂಡೆ."

"ಇಲ್ಲ ಸಾ. ಮಿಷನ್ ಕುಂಟುದ್ರೆ ಯಾರನ್ನ ಕರೀತರೆ? ನನ್ನೇ ಕರೀಬೇಕು. ಇಲ್ಲಿ ಇನ್ಯಾರವ್ರೆ? ಎಲ್ರೂ ನೋಡೋವಾಗ ಕೂರಿಸ್ಬುಟ್ಟು ಬರುಮ ಅಂದ್ಕಂಡಿದ್ದಿ. ಮಂಗಳವಾರದಿಂದ ಊಟುಕ್ಕೂ ಓಗ್ದೆ ಕಾದಿ. ಕರೀನಿಲ್ಲ. ಪೊಲೀಸ್ನೋರ‍್ನ ಕರುದ್ರು. ನನ್ನ ಮಾತ್ರ ಕರೀನಿಲ್ಲ."

ಹೊರಗೆ ಬೆಂಚಿನ ಮೇಲಿದ್ದ ವಿಮಲ ಎದ್ದು ಬಾಗಿಲಿಗೆ ಬಂದಳು. ಯಾರೂ ತಡೆಯಲಿಲ್ಲ.

"ನನ್ನ ಕಳ್ಳಿ ಅಂದಿದ್ದು ನಿಮ್ಗೆ ಕೇಳಿಸ್ಲಿಲ್ವಾ ಮಾದಪ್ಪಣ್ಣ? ಬಸ್ಸು ನಿಮ್ಮ ಅಂಗಡಿ ಮುಂದೆನೇ ನಿಲ್ತದಲ್ಲ."

"ಕೇಳುಸ್ತು."

"ಮತ್ತೆ?"

"ನೀವೂ ಸಭೇಲಿ ನನ್ನೆಸ್ರು ಯೋಳ್ನಿಲ್ಲ ವಿಮಲಮ್ಮ."

ವಿಮಲ ಬೆಂಚಿಗೆ ಮರಳಿದಳು. ಮಾದಪ್ಪ ತಲೆ ತಗ್ಗಿಸಿದ. ಅವಳ ಮೇಲೆ ಸಂಶಯಕ್ಕೆ ಕಾರಣವಿಲ್ಲ ಎಂದು ದಾಮೋದರನ್ ಅಲ್ಲಿಯೇ ಬರೆದು ಸಹಿ ಹಾಕಿದರು. ಅಷ್ಟು ಬರೆದರೆ ಬಸ್ಸಿನ ಪಕ್ಕದ ಸೀಟು ತುಂಬುತ್ತದೆಯೇ ಎಂಬುದು ಠಾಣೆಯ ಕೈಯಲ್ಲಿರಲಿಲ್ಲ.

ಏಳಕ್ಕೆ ಚಂದ್ರನ್ ಬಂದರು. ಮೇಜಿನ ಮೇಲೆ ಮೊಹರು ಹಾಕಿದ ಲಕೋಟೆ ನೋಡಿ ಮುಖ ಅರಳಿತು.

"ಸಾರೇ, ಇದನ್ನ ಯಾವಾಗ ಕೊಡ್ತೀರಿ?"

"ತೊಂಡಿ ಮಾಲು, ಕೇಸಿನ ಸಾಕ್ಷಿ. ಕೋರ್ಟಿಗೆ ಅರ್ಜಿ ಹಾಕಿ, ಬಿಡಿಸಿಕೊಳ್ಳಿ."

"ಸಿಕ್ಕಿದರೂ ಹಾಕೋರು ಯಾರು? ಕಲ್ಪೆಟ್ಟದವರು ವಾರದ ಮೇಲೆ ಬರ್ತಾರಂತೆ. ನಕ್ಷೆ ಕೆಲಸ ನಿಂತಿದೆ." ಚಂದ್ರನ್ ದನಿ ತಗ್ಗಿಸಿ ಲಾಕಪ್ಪಿನ ಕಡೆ ಗದ್ದದಲ್ಲೇ ಸನ್ನೆ ಮಾಡಿದರು. "ಅವನನ್ನೇ ಒಂದರ್ಧ ಗಂಟೆ ಕಳಿಸಿಕೊಡಿ ಸಾರೇ. ಮಾದಪ್ಪನಾದರೆ ಕಣ್ಣು ಮುಚ್ಚಿ ಹಾಕಿಬಿಡ್ತಾನೆ. ಆಮೇಲೆ ನೀವು ಏನಾದರೂ ಮಾಡಿ."

ದಾಮೋದರನ್ ಉತ್ತರಿಸುವ ಮುಂಚೆ ಲಾಕಪ್ಪಿನಲ್ಲಿ ಸದ್ದಾಯಿತು. ಕರಿಯಪ್ಪ ತಿರುಗಿ ನೋಡಿದ. ಗೋಡೆಗೆ ಒರಗಿ ಕೂತಿದ್ದ ಮಾದಪ್ಪ ಎದ್ದು ನಿಂತಿದ್ದ. ಶರ್ಟಿನ ಗುಂಡಿ ಹಾಕಿಕೊಂಡು, ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದ.

"ಕೂತ್ಕೋ ಮಾದಪ್ಪ," ಎಂದ ಕರಿಯಪ್ಪ.