ಮೂರು ಗೆರೆಯ ಹೆಂಚು

ಹೆಂಚು ಹೊದಿಸುವ ಚಿಕ್ಕಬೀರಯ್ಯ ತನ್ನ ಕರಣೆಯನ್ನು ತಂದು ಸರ್ವಮಂಗಳಕ್ಕನ ಜಗಲಿಯ ಮೇಲಿಟ್ಟಾಗ ಹೇಮಶ್ರೀ ಪಕ್ಕದಲ್ಲೇ ಕೂತು ಸೊಪ್ಪು ಬಿಡಿಸುತ್ತಿದ್ದಳು. ಗುಬ್ಬಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಅವಳಿಗೆ ಅಂಗಡಿಗಿಂತ ಪಕ್ಕದ ಮನೆಯ ಈ ಜಗಲಿಯ ಮೇಲೇ ಪ್ರೀತಿ ಜಾಸ್ತಿ. ಯಾಕಿರಬಾರದು ಹೇಳಿ? ಮೂವತ್ತು ವರ್ಷ ಸರ್ಕಾರಿ ಕಟ್ಟಡಗಳ ನಕ್ಷೆ ಬರೆದು ನಿವೃತ್ತರಾಗಿದ್ದ ಮಂಗಳಕ್ಕ ಗೋಡೆಯ ಬಿರುಕನ್ನು ಓದಿದಷ್ಟೇ ಸಲೀಸಾಗಿ ಮನುಷ್ಯರನ್ನೂ ಓದುತ್ತಿದ್ದರು. ಸುತ್ತಮುತ್ತಲಿನವರು ಠಾಣೆಗೆ ಹೋಗುವ ಮೊದಲು ಅವರ ಮನೆಗೆ ಬರುತ್ತಿದ್ದುದು ಸುಮ್ಮನೇ ಅಲ್ಲ.

"ಇದು ನಿಮ್ಮತ್ರಾನೇ ಇರ್ಲಿ ಕಣವ್ವಾ. ನನ್ ಕಿವಿ ಹೋಯ್ತು. ಇನ್ ಕೆಲ್ಸ ಮಾಡಾಕಿಲ್ಲ," ಎಂದ ಚಿಕ್ಕಬೀರಯ್ಯ.

ಹೇಮಶ್ರೀ ಸೊಪ್ಪು ಬದಿಗಿಟ್ಟಳು. ಹುತ್ರಿದುರ್ಗದ ಕಡೆಯ ಈ ಮುದುಕ ನಲವತ್ತು ವರ್ಷದಿಂದ ಒಂದೊಂದು ಹೆಂಚನ್ನೂ ಬೆರಳಗೆಣ್ಣಿನಿಂದ ತಟ್ಟಿ, ಟಣ್ ಎಂದರೆ ಮಾತ್ರ ಸೂರಿಗೇರಿಸಿದವನು. ಬೊದ್ ಎಂದರೆ ಒಳಗೆ ಬಿರುಕಿದೆ ಎಂದು ಲೆಕ್ಕ, ಆ ಹೆಂಚು ಹಿತ್ತಲಿಗೆ.

"ಯಾರು ಹೇಳಿದ್ರು ಕಿವಿ ಹೋಯ್ತು ಅಂತ?" ಮಂಗಳಕ್ಕ ಕೇಳಿದರು.

"ಹೆಂಚೇ ಹೇಳ್ತಲ್ಲವ್ವಾ. ಸಿ.ಎಸ್. ಪುರದ ಮಹಾಲಿಂಗಯ್ಯನೋರ ಮನೆ ಹೋದ್ ತಿಂಗ್ಳು ರಿಪೇರಿ ಮಾಡ್ದೆ. ಒಂದ್ ಹನಿ ಬಿದ್ರೆ ಕರಣೆ ಮುಟ್ಟಾಕಿಲ್ಲ ಅಂತ ಮಾತೂ ಕೊಟ್ಟೆ. ಮೊನ್ನೆ ಮಳೇಲಿ ನಡುಮನೇಗೇ ಸುರೀತು. ಅಟ್ಟ ಹತ್ತಿ ನೋಡ್ತೀನಿ, ಮೂರು ಹೆಂಚು ಬಿರುಕು! ಒಳಮೈ ಮ್ಯಾಲೆ ನನ್ ಗುರ್ತೂ ಐತೆ."

"ಏನು ಗುರುತು?"

"ಹೊದ್ಸಿದ್ ಹೆಂಚಿಗೆಲ್ಲ ಮೂರ್ ಬೆರಳಲ್ಲಿ ಮೂರ್ ಗೆರೆ ಎಳೀತೀನಿ. ಶಿವ ಕಾಯ್ಲಿ ಅಂತ." ಹೇಳುತ್ತಲೇ ಅವನು ಸೊಂಟದಿಂದ ಡಬ್ಬಿ ತೆಗೆದು ವೀಳ್ಯದೆಲೆಗೆ ಸುಣ್ಣ ಸವರಿದ. "ಯಜಮಾನ್ರ ತಮ್ಮ ಪ್ರಭುದೇವಪ್ಪನೋರು ದಿನಾ ಅಟ್ಟಕ್ಕೇ ಕಾಪಿ ತಂದ್ಕೊಟ್ಟು ಪಕ್ಕದಾಗೆ ಕೂತ್ಕಳೋರು. ಅಕ್ಕಪಕ್ಕದ್ದು ಮುಕ್ಕಾಗ್ದಂಗೆ ಒಂದ್ ಹೆಂಚು ತೆಗ್ಯಾದು ಹೆಂಗೆ ಅಂತ ಕೇಳಿ ಕಲ್ತ್ಕಂಡ್ರು. ಅಂಥೋರ ಮನೇಗೇ ಹಿಂಗ್ ಮಾಡ್ಬುಟ್ನಲ್ಲ! ಮಧ್ಯಾಹ್ನ ಅಳಿಯ ದೇವ್ರು ತುಮಕೂರಿಂದ ಶೀಟು ತರ್ತಾರಂತೆ. ಹೆಂಚೆಲ್ಲ ಇಳ್ಸಿ ಬಿಸಾಕ್ತಾರೆ."

ಮಂಗಳಕ್ಕ ಎದ್ದರು. "ಹೇಮಾ, ಸ್ಕೂಟರ್ ತೆಗಿಯೇ. ಬೀರಯ್ಯಾ, ನೀನು ಹಿಂದೆ ಬಸ್ಸಲ್ಲಿ ಬಾ. ಕರಣೆ ನನ್ ಚೀಲದಲ್ಲಿರ್ಲಿ."

ಸಿ.ಎಸ್. ಪುರದ ಆ ಮನೆಯಲ್ಲಿ ಆಗಲೇ ಶೀಟಿನ ಗಾಡಿ ಬಂದು ನಿಂತಿತ್ತು. ಯಜಮಾನ ಮಹಾಲಿಂಗಯ್ಯ ಮಂಡಿನೋವಿನಿಂದ ಕುರ್ಚಿ ಬಿಟ್ಟು ಏಳಲಿಲ್ಲ. "ತೇಪೆ ಹಾಕ್ಸೋದೋ, ಎಲ್ಲಾ ತೆಗೆಸೋದೋ ಅಂತ ಎರಡು ವರ್ಷದಿಂದ ತಲೆ ಕೆಟ್ಟೋಗಿದೆ ಮೇಡಂ. ಬೀರಯ್ಯನ ನಂಬ್ದೆ," ಎಂದರು. ಅಳಿಯ ಗುರುಪ್ರಕಾಶನದು ಶೀಟಿನ ಅಂಗಡಿ. "ನಾನು ಆವತ್ತೇ ಹೇಳಿರ್ಲಿಲ್ವಾ ಮಾವ?" ಎಂದು ಅವನು ಹಲ್ಲು ಕಿರಿದ. ಇವನೇ ಏನೋ ಕಿತಾಪತಿ ಮಾಡಿದ್ದಾನೆ ಎಂದು ಹೇಮಶ್ರೀ ಅಲ್ಲೇ ತೀರ್ಮಾನಿಸಿಬಿಟ್ಟಳು. ಯಜಮಾನರ ತಮ್ಮ ಪ್ರಭುದೇವ ಮಾತ್ರ ಹಣೆತುಂಬ ವಿಭೂತಿ ಧರಿಸಿ ಸಪ್ಪಗೆ ನಿಂತಿದ್ದ. ಅವನ ಮಗಳು ಸಿಂಚನಾಗೆ ಮುಂದಿನ ವಾರ ನಿಶ್ಚಿತಾರ್ಥ.

ಮಂಗಳಕ್ಕ ಸೀರೆ ಎತ್ತಿಕಟ್ಟಿ ಏಣಿ ಹತ್ತಿದರು, ಹಿಂದೆಯೇ ಹೇಮಶ್ರೀ. ಅರವತ್ತೈದರ ವಯಸ್ಸಲ್ಲಿ ಅದೇನು ಚುರುಕು! ಸ್ಕ್ರೂಡ್ರೈವರಿನಿಂದ ತೊಲೆಗಳನ್ನೂ ಹೆಂಚು ಕೂರುವ ರೀಪುಗಳನ್ನೂ ಚುಚ್ಚಿ ನೋಡಿದರು, ಮರ ಗಟ್ಟಿಯಾಗಿತ್ತು. ಸೂರಿನಂಚಿನ ನೀರು ಹೋಗುವ ತಗಡಿನ ದೋಣಿಯಲ್ಲಿ ಮಾತ್ರ ತುಕ್ಕು ಹಿಡಿದು ತೂತಾಗಿತ್ತು. ಆಮೇಲೆ ಮೂರು ಬಿರುಕು ಹೆಂಚಿನ ಅಕ್ಕಪಕ್ಕದವನ್ನು ಸವರಿದರು. ಒಂದೂ ಮುಕ್ಕಾಗಿರಲಿಲ್ಲ. ಕೊನೆಗೆ ಬೆರಳು ಒದ್ದೆ ಮಾಡಿಕೊಂಡು ಗೆರೆಗಳನ್ನು ಉಜ್ಜಿದರು. ಬೇರೆ ಹೆಂಚುಗಳ ಗೆರೆ ಕದಲಲಿಲ್ಲ. ಈ ಮೂರರ ಗೆರೆ ಮಾತ್ರ ಬೆರಳಿಗೇ ಬಂತು.

"ಹೇಮಾ, ತೆಗೆದಿದ್ದನ್ನ ಎಲ್ಲರ ಕಣ್ಣೆದುರು ಕೆಳಗಿಳಿಸೋಕಾಗಿರಲ್ಲ. ಆ ರಾಗಿ ಮೂಟೆಗಳ ಹಿಂದೆ ನೋಡು."

ನೋಡಿದರೆ ಗೋಣಿಚೀಲದಲ್ಲಿ ಸುತ್ತಿಟ್ಟ ಮೂರು ಹೆಂಚು! ಹೇಮಶ್ರೀ ಬಾಯಿ ಮೇಲೆ ಕೈ ಇಟ್ಟುಕೊಂಡಳು.

ಚಿಕ್ಕಬೀರಯ್ಯ ಬರುವ ಹೊತ್ತಿಗೆ ಎಲ್ಲರೂ ನಡುಮನೆಯಲ್ಲಿ ಸೇರಿದ್ದರು. ಸೂರಿನಿಂದ ಇಳಿಸಿದ ಮೂರು, ಮೂಟೆ ಹಿಂದಿನ ಮೂರು, ಆರು ಹೆಂಚನ್ನೂ ಬೆರೆಸಿ ಸಾಲಾಗಿ ಇಡಿಸಿದ ಮಂಗಳಕ್ಕ, "ಬೀರಯ್ಯಾ, ಗೋಡೆ ಕಡೆ ತಿರುಗಿ ನಿಂತ್ಕೋ," ಎಂದು ಗೆಣ್ಣಿನಿಂದ ಒಂದೊಂದನ್ನೇ ತಟ್ಟಿದರು.

"ಒಳ್ಳೇದು," ಎಂದ ಮುದುಕ. "ಬಿರುಕು... ಬಿರುಕು... ಒಳ್ಳೇದು... ಬಿರುಕು." ಕೊನೆಯದಕ್ಕೆ ಹೆಗಲ ವಸ್ತ್ರದಿಂದ ಕಣ್ಣೊರೆಸಿಕೊಂಡ. "ಇದೂ ಒಳ್ಳೇದು."

ಆರಕ್ಕೆ ಆರೂ ಸರಿ! ಹೇಮಶ್ರೀಗೆ ಚಪ್ಪಾಳೆ ತಟ್ಟುವಷ್ಟು ಖುಷಿಯಾಯಿತು.

"ಇವನ ಕಿವಿಗೆ ಏನೂ ಆಗಿಲ್ಲ," ಎಂದರು ಮಂಗಳಕ್ಕ. "ಅಂದ್ಮೇಲೆ ಬಿರುಕು ಹೆಂಚು ಇವನು ಹೊದಿಸಿದ್ದಲ್ಲ. ಇವನು ಬೇಡ ಅಂತ ಹಿತ್ತಲಿಗೆ ಹಾಕಿದ್ದನ್ನೇ ಯಾರೋ ತಂದು ಒಳ್ಳೇದನ್ನ ತೆಗೆದು ಕೂರಿಸಿದಾರೆ. ಇವನ ಗುರುತೂ ಬರೆದಿದಾರೆ. ಎಡವಿದ್ದು ಅಲ್ಲೇ. ಮೂರು ಬಿಳಿ ಗೆರೆ ಕಂಡ್ರೆ ಈ ಮನೆಯವರಿಗೆ ಹೊಳೆಯೋದು ವಿಭೂತಿ ಒಂದೇ. ಬೀರಯ್ಯ ಎಳೆಯೋದು ಎಲೆಅಡಿಕೆ ಸುಣ್ಣದಲ್ಲಿ. ಸುಣ್ಣ ಹೆಂಚಿಗೆ ಕಚ್ಚುತ್ತೆ, ವಿಭೂತಿ ಒದ್ದೆ ಬೆರಳಿಗೆ ಬರುತ್ತೆ."

ಎಲ್ಲರ ಕಣ್ಣೂ ಗುರುಪ್ರಕಾಶನ ಕಡೆ ಹೋಯಿತು. "ನನ್ನ್ಯಾಕ್ ನೋಡ್ತೀರಾ? ಏಣಿ ಹತ್ತಿದ್ರೆ ನಂಗೆ ತಲೆ ಸುತ್ತುತ್ತೆ!" ಎಂದು ಅವನು ಕೂಗಿದ.

"ನೀವಲ್ಲ ಬಿಡಿ. ಹೊಸಬರು ಕೈ ಹಾಕಿದ್ರೆ ಅಕ್ಕಪಕ್ಕದ್ದೂ ಮುಕ್ಕಾಗ್ತಿತ್ತು. ಯಜಮಾನ್ರಿಗೆ ಮಂಡಿ ಮಡಚೋಕಾಗಲ್ಲ. ಮುಕ್ಕಾಗದ ಹಾಗೆ ತೆಗೆಯೋದನ್ನ ಬೀರಯ್ಯನ ಹತ್ರ ಕೇಳಿ ಕಲಿತವರು ಈ ಮನೇಲಿ ಒಬ್ರೇ. ಪ್ರಭುದೇವ ಅವ್ರೇ, ಯಾಕೆ ಹೀಗ್ ಮಾಡಿದ್ರಿ?"

ಪ್ರಭುದೇವ ಹೆಂಚುಗಳ ಪಕ್ಕ ಕೂತ. "ಗಂಡಿನ ಕಡೆಯೋರು ಬಂದಾಗ ಮೇಲೆ ನೋಡಿ, 'ಇನ್ನೂ ಹೆಂಚಾ?' ಅಂತ ನಕ್ರು. ನಿಶ್ಚಿತಾರ್ಥಕ್ಕೆ ಮುಂಚೆ ಹೊಸ ಸೂರು ಬರ್ಲಿ ಅಂತ ಆಸೆ. ರಿಪೇರಿ ಕೆಟ್ಟೋಯ್ತು ಅಂದ್ರೆ ಅಣ್ಣ ಒಪ್ತಾನೆ ಅಂದ್ಕೊಂಡೆ. ಬೀರಯ್ಯ ಕೆಲ್ಸಾನೇ ಬಿಡ್ತಾನೆ ಅಂತ ದೇವರಾಣೆ ಗೊತ್ತಿರ್ಲಿಲ್ಲ."

"ಅಪ್ಪಾ, ನಕ್ಕಿದ್ದು ಅವ್ರು. ಈ ತಾತನ್ನ ಯಾಕೆ ಅಳಿಸಿದ್ರಿ?" ಎಂದಳು ಸಿಂಚನಾ. ಅವಳ ಕಣ್ಣಲ್ಲೂ ನೀರಿತ್ತು.

ಮಹಾಲಿಂಗಯ್ಯ ಒಂದು ಒಳ್ಳೆ ಹೆಂಚನ್ನು ಮಡಿಲಿಗೆ ತರಿಸಿಕೊಂಡು ತಟ್ಟಿ ನೋಡಿದರು. ಆಮೇಲೆ, "ಮೇಡಂ, ನೀವೇ ಹೇಳಿ, ಸೂರು ಏನ್ ಮಾಡ್ಲಿ?" ಎಂದರು.

"ಮರ ಗಟ್ಟಿಯಿದೆ, ಹೆಂಚು ಇನ್ನೂ ಒಂದು ತಲೆಮಾರು ನೋಡುತ್ತೆ. ಬದಲಾಯಿಸಬೇಕಾದ್ದು ಆ ತುಕ್ಕುಹಿಡಿದ ದೋಣಿ ಒಂದೇ."

ಶೀಟಿನ ಗಾಡಿ ಬಂದ ದಾರಿ ಹಿಡಿಯಿತು. ಮಂಗಳಕ್ಕ ಚೀಲದಿಂದ ಕರಣೆ ತೆಗೆದು ಮುದುಕನ ಕೈಗಿಟ್ಟರು. ಚಿಕ್ಕಬೀರಯ್ಯ ಅದನ್ನು ಕಣ್ಣಿಗೊತ್ತಿಕೊಂಡು ಅಟ್ಟ ಹತ್ತಿದ. ಮೂರು ಒಳ್ಳೆ ಹೆಂಚನ್ನು ಮತ್ತೆ ಕೂರಿಸುವ ಮೊದಲು ಒಂದೊಂದನ್ನೂ ತಟ್ಟಿ ಕೇಳಿದ. ಬೇಕೆಂದೇ ಎರಡೆರಡು ಸಲ ತಟ್ಟುತ್ತಿದ್ದಾನೆ ಎಂದು ಕೆಳಗಿದ್ದ ಹೇಮಶ್ರೀಗೆ ಗೊತ್ತಾಯಿತು. ಕೊನೆಯ ಹೆಂಚು ಕೂರಿಸಿ ಅವನು ಕೆಳಗೆ ಬಗ್ಗಿ ಕೂಗಿದ.

"ಪ್ರಭುದೇವಪ್ಪಾರೇ, ಕಾಪಿ ತತ್ತೀರಾ? ಬಂದು ಈ ಮೂರಕ್ಕೂ ಗೆರೆ ಮ್ಯಾಲೆ ಗೆರೆ ನೀವೇ ಎಳೀರಿ. ಡಬ್ಬಿ ಕೊಡ್ತೀನಿ, ಈ ಸಲ ಸುಣ್ಣದಾಗೆ."